ಓದುಗರ ಪ್ರಶ್ನೆ: ಎಣ್ಣೆ ತಳ್ಳುತ್ತದೆ, ಎಳೆಯುವುದಿಲ್ಲ

ಗುಂಡು, ರೋಲರ್ ಯಾವುದೂ ಇಲ್ಲದೆ, ತಿರುಗುವ ಶಾಫ್ಟನ್ನು ಎಣ್ಣೆಯ ತೆಳುಪದರವೊಂದೇ ಹೊತ್ತು ನಿಲ್ಲಿಸುವ ಬೇರಿಂಗಿಗೆ ಜರ್ನಲ್ ಬೇರಿಂಗ್ ಎನ್ನುತ್ತಾರೆ. ಅದನ್ನು ಕಂಪ್ಯೂಟರಿನಲ್ಲಿ ಮಾದರಿ ಮಾಡಿ ಲೆಕ್ಕ ಹಾಕುವ ಕುರಿತು ಶಿವಮೊಗ್ಗ ಜಿಲ್ಲೆಯೊಂದರಿಂದಲೇ ಈ ತಿಂಗಳು ಆರು ಪತ್ರಗಳು ಬಂದಿರುವುದರಿಂದ, ಬೇರೆ ವಿಷಯಗಳನ್ನು ಮುಂದಿನ ಸಂಚಿಕೆಗೆ ಸರಿಸಿ, ಇಲ್ಲಿ ಅವುಗಳಿಗಷ್ಟೇ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ಪ್ರಾಜೆಕ್ಟಿನ ಬೇರಿಂಗಿನಲ್ಲಿ ಶಾಫ್ಟಿನ ವ್ಯಾಸ 100 ಮಿ.ಮೀ., ಬೇರಿಂಗಿನ ಉದ್ದ 50 ಮಿ.ಮೀ., ಸುತ್ತಲಿನ ತೆರಪು 75 ಮೈಕ್ರಾನ್, ವೇಗ ನಿಮಿಷಕ್ಕೆ 1,500 ಸುತ್ತು, ಭಾರ 5,000 ನ್ಯೂಟನ್, ಎಣ್ಣೆಯ ಸ್ನಿಗ್ಧತೆ, ಅಂದರೆ ಮಂದತನ, 0.03 ಪಾಸ್ಕಲ್-ಸೆಕೆಂಡು. ಎಣ್ಣೆಯ ಭಾಗವನ್ನು ಮೂರು ಆಯಾಮಗಳಲ್ಲಿ ಬರೆದು, 40 ಲಕ್ಷ ಸಣ್ಣ ಕೋಶಗಳ ಬಲೆ (ಮೆಶ್) ಮಾಡಿ, ಟರ್ಬ್ಯುಲೆನ್ಸ್ (ಸುಳಿಗಳಿಂದ ಕದಡಿದ ಹರಿವಿನ) ಮಾದರಿಯನ್ನೂ ಹಾಕಿ, ಎರಡು ರಾತ್ರಿ ಕಂಪ್ಯೂಟರ್ ಓಡಿಸಿದೆವು. ಭಾರ ಕೆಳಮುಖವಾಗಿದ್ದರೂ ಶಾಫ್ಟು ಕೆಳಗಿಳಿಯದೆ ಸರಿಯಾಗಿ 90 ಡಿಗ್ರಿ ಪಕ್ಕಕ್ಕೆ ಸರಿದು ನಿಂತಿದೆ. ಒಂದು ಅರ್ಧದಲ್ಲಿ ಎಷ್ಟು ಒತ್ತಡವಿದೆಯೋ ಇನ್ನೊಂದು ಅರ್ಧದಲ್ಲಿ ಅಷ್ಟೇ ಋಣ ಒತ್ತಡ ಬಂದಿದೆ. ತಪ್ಪು ಎಲ್ಲಿದೆ?
– ಓದುಗರು, ಶಿವಮೊಗ್ಗ

ಉತ್ತರ: ಲೆಕ್ಕದಲ್ಲಿ ತಪ್ಪಿಲ್ಲ. ನೀವು ಕೇಳಿದ ಪ್ರಶ್ನೆಗೆ ಸಾಫ್ಟ್‌ವೇರು ಪ್ರಾಮಾಣಿಕವಾಗಿಯೇ ಉತ್ತರಿಸಿದೆ, ಆದರೆ ನೀವು ಕೇಳಿದ್ದು ಲೋಕದಲ್ಲಿಲ್ಲದ ಒಂದು ಎಣ್ಣೆಯ ಬಗ್ಗೆ. ಶಾಫ್ಟು ಬೇರಿಂಗಿನ ನಡುವಿನಿಂದ ಸ್ವಲ್ಪ ಸರಿದು ತಿರುಗುವಾಗ ಒಂದು ಬದಿಯಲ್ಲಿ ತೆರಪು ಕಿರಿದಾಗುತ್ತಾ ಹೋಗುತ್ತದೆ. ಶಾಫ್ಟಿಗೆ ಅಂಟಿಕೊಂಡ ಎಣ್ಣೆ ಆ ಬೆಣೆಯಾಕಾರದ ಸಂದಿಯೊಳಕ್ಕೆ ಎಳೆದೊಯ್ಯಲ್ಪಟ್ಟು, ಹೊರಹೋಗಲು ಜಾಗ ಸಾಲದೆ ಒತ್ತಡವನ್ನು ಹುಟ್ಟಿಸುತ್ತದೆ. ಭಾರವನ್ನು ಹೊರುವುದು ಈ ಒತ್ತಡವೇ. ಅತಿ ಕಿರಿದಾದ ಜಾಗವನ್ನು ದಾಟಿದ ಮೇಲೆ ತೆರಪು ಮತ್ತೆ ಹಿಗ್ಗುತ್ತದೆ. ಅಲ್ಲಿ ಪದರ ಅಖಂಡವಾಗಿ ಉಳಿಯಬೇಕಾದರೆ ಎಣ್ಣೆಯು ಶಾಫ್ಟನ್ನೂ ಬೇರಿಂಗನ್ನೂ ರಬ್ಬರಿನಂತೆ ಹಿಡಿದು ಎಳೆಯಬೇಕು. ಎಣ್ಣೆಯ ಒತ್ತಡವನ್ನು ಲೆಕ್ಕ ಹಾಕುವ ಸಮೀಕರಣಕ್ಕೆ ಇದರಲ್ಲಿ ಯಾವ ಸಂಕೋಚವೂ ಇಲ್ಲ, ಏಕೆಂದರೆ ತಳ್ಳುವುದಕ್ಕೂ ಎಳೆಯುವುದಕ್ಕೂ ಅದು ಭೇದ ಮಾಡುವುದಿಲ್ಲ. ನಿಜವಾದ ಎಣ್ಣೆಯಲ್ಲಾದರೋ ಕರಗಿದ ಗಾಳಿ ಇರುತ್ತದೆ. ಒತ್ತಡ ವಾತಾವರಣದ ಮಟ್ಟಕ್ಕಿಂತ ತುಸು ಕೆಳಗಿಳಿದರೂ ಆ ಗಾಳಿ ಹೊರಬಂದು ಪದರವು ಎಳೆಎಳೆಯಾಗಿ ಹರಿದುಹೋಗುತ್ತದೆ, ಆ ಬದಿಯಿಂದ ಶಾಫ್ಟಿನ ಮೇಲೆ ಹೇಳಿಕೊಳ್ಳುವಂಥ ಬಲವೇನೂ ಬರುವುದಿಲ್ಲ.

ಈಗ ನಿಮ್ಮ 90 ಡಿಗ್ರಿಯ ವಿಷಯ. ಧನ ಮತ್ತು ಋಣ ಒತ್ತಡಗಳು ಕನ್ನಡಿಯ ಬಿಂಬದಂತೆ ಸಮವಾದಾಗ, ಶಾಫ್ಟಿನ ಕೇಂದ್ರವನ್ನೂ ಬೇರಿಂಗಿನ ಕೇಂದ್ರವನ್ನೂ ಸೇರಿಸುವ ಗೆರೆಯ ದಿಕ್ಕಿನ ಬಲಗಳು ಒಂದನ್ನೊಂದು ಪೂರ್ತಿ ಹೊಡೆದುಹಾಕುತ್ತವೆ, ಆ ಗೆರೆಗೆ ಲಂಬವಾದ ಬಲ ಮಾತ್ರ ಉಳಿಯುತ್ತದೆ. ಅದು ಭಾರಕ್ಕೆ ಎದುರಾಗಿ ನಿಲ್ಲಬೇಕಾದರೆ ಶಾಫ್ಟು 90 ಡಿಗ್ರಿ ಪಕ್ಕಕ್ಕೆ ಸರಿಯುವುದೊಂದೇ ದಾರಿ. ಜರ್ಮನಿಯ ಭೌತವಿಜ್ಞಾನಿ ಸೊಮರ್‌ಫೆಲ್ಡ್ 1904ರಲ್ಲಿ ಕಾಗದದ ಮೇಲೆ ಬಿಡಿಸಿದ ಉತ್ತರವೂ ಇದೇ ಆಗಿತ್ತು. ಹಾಗಾಗಿ ಯಾರಾದರೂ ತಮ್ಮ ಮಾದರಿಯಲ್ಲಿ ಸರಿಯಾಗಿ 90 ಡಿಗ್ರಿ ಬಂತೆಂದರೆ, ಅವರ ಫೈಲು ತೆರೆಯದೆಯೇ ಕಾರಣವನ್ನು ಹೇಳಿಬಿಡಬಹುದು. ನಿಮ್ಮ ಅಳತೆಯ ಬೇರಿಂಗಿಗೆ ಆ ಕೋನ 48 ಡಿಗ್ರಿಯ ಆಸುಪಾಸಿನಲ್ಲಿ ಬರಬೇಕು.

ಇದನ್ನು ಸರಿಪಡಿಸಲು ಸುಲಭವಾದ ಉಪಾಯವೆಂದರೆ ಲೆಕ್ಕ ಮುಗಿದ ಮೇಲೆ ಋಣ ಒತ್ತಡಗಳನ್ನೆಲ್ಲ ಸೊನ್ನೆ ಮಾಡುವುದು. ಭಾರದ ಉತ್ತರ ಇದರಿಂದ ಸುಮಾರಾಗಿ ಸರಿಹೋಗುತ್ತದೆ, ಆದರೆ ಹರಿದು ಬಂದ ಎಣ್ಣೆಗೂ ಹೊರಹೋದ ಎಣ್ಣೆಗೂ ತಾಳೆಯಾಗುವುದಿಲ್ಲ. ಪದರ ಹರಿದು ತುಂಡಾಗುವ ಜಾಗದಲ್ಲಿ ಒತ್ತಡವೂ ಅದರ ಇಳಿಜಾರೂ ಎರಡೂ ಸೊನ್ನೆಯಾಗಬೇಕೆಂದು ವಿಧಿಸುವ ಕ್ರಮಕ್ಕೆ ರೆನಾಲ್ಡ್ಸ್ ನಿಬಂಧನೆ ಎಂದು ಹೆಸರು. ನಿಮ್ಮ ಪ್ರಾಜೆಕ್ಟಿಗೆ ಅದು ಧಾರಾಳವಾಗಿ ಸಾಕು. ಹರಿದ ಭಾಗದಲ್ಲಿ ಎಷ್ಟು ಪಾಲು ಎಣ್ಣೆ, ಎಷ್ಟು ಪಾಲು ಗಾಳಿ ಎಂಬುದನ್ನೂ ಲೆಕ್ಕಕ್ಕೆ ತಂದು ಎಣ್ಣೆಯ ಆಯವ್ಯಯವನ್ನು ಸರಿದೂಗಿಸುವ ಕ್ರಮವೂ ಇದೆ. ಎಣ್ಣೆಯ ಪೂರೈಕೆ ಸಾಲದ ಬೇರಿಂಗುಗಳಿಗೆ ಅದು ಬೇಕೇ ಬೇಕು.

ಟರ್ಬ್ಯುಲೆನ್ಸ್ ಮಾದರಿಯನ್ನು ದಯವಿಟ್ಟು ತೆಗೆಯಿರಿ. ಶಾಫ್ಟಿನ ಮೇಲ್ಮೈ ಸೆಕೆಂಡಿಗೆ 7.85 ಮೀಟರ್ ವೇಗದಲ್ಲಿ ಚಲಿಸುತ್ತಿದೆ. 75 ಮೈಕ್ರಾನ್ ತೆರಪಿಗೆ ಲೆಕ್ಕ ಹಾಕಿದರೆ, ಹರಿವು ಶಾಂತವೋ ಕದಡಿದ್ದೋ ಎಂದು ತಿಳಿಸುವ ರೆನಾಲ್ಡ್ಸ್ ಸಂಖ್ಯೆ ಬರುವುದು ಕೇವಲ 17. ಈ ಅನುಪಾತದ ಬೇರಿಂಗಿನಲ್ಲಿ ಹರಿವು ಕದಡಲು ಆರಂಭಿಸುವುದು ಸುಮಾರು 1,000ವನ್ನು ದಾಟಿದ ಮೇಲೆ. ಜೇನುತುಪ್ಪದಷ್ಟು ಶಾಂತವಾಗಿ ಹರಿಯುವ ಎಣ್ಣೆಗೆ ಸುಳಿಗಳನ್ನು ಬಲವಂತವಾಗಿ ಕಲ್ಪಿಸಿದರೆ, ಮಾದರಿಯು ಇಲ್ಲದ ಸ್ನಿಗ್ಧತೆಯನ್ನು ಸೇರಿಸಿ ಘರ್ಷಣೆಯ ಲೆಕ್ಕವನ್ನೇ ಕೆಡಿಸುತ್ತದೆ.

ಅದಕ್ಕೂ ಹಿಂದಿನ ಪ್ರಶ್ನೆಯೆಂದರೆ ಮೂರು ಆಯಾಮಗಳ ಮಾದರಿ ಬೇಕಿತ್ತೇ ಎಂಬುದು. ನಿಮ್ಮ ಪದರ ಅತಿ ದಪ್ಪಗಿರುವ ಕಡೆ ನೋಟುಪುಸ್ತಕದ ಒಂದು ಹಾಳೆಗಿಂತ ತುಸು ದಪ್ಪ, ಅತಿ ತೆಳ್ಳಗಿರುವ ಕಡೆ ಅದರ ಮೂರನೆಯ ಒಂದು ಪಾಲು. ಸುತ್ತಳತೆಯೋ 314 ಮಿ.ಮೀ. ಇಷ್ಟು ತೆಳುವಾದ ಪದರದ ದಪ್ಪದುದ್ದಕ್ಕೂ ಒತ್ತಡ ಬದಲಾಗುವುದಿಲ್ಲ ಎಂಬುದನ್ನು ಗುರುತಿಸಿ, ಆ ಆಯಾಮವನ್ನೇ ಕೈಬಿಟ್ಟು ಬ್ರಿಟನ್ನಿನ ವಿಜ್ಞಾನಿ ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ತನ್ನ ಸಮೀಕರಣವನ್ನು ಕೊಟ್ಟ. ಅದನ್ನು ಬಳಸಿದರೆ 40 ಲಕ್ಷ ಕೋಶಗಳ ಜಾಗದಲ್ಲಿ ಎರಡು ಮೂರು ಸಾವಿರ ಬಿಂದುಗಳು ಸಾಕು, ಎರಡು ರಾತ್ರಿಯ ಕೆಲಸ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಆನ್ಸಿಸ್ ತಂತ್ರಾಂಶದಲ್ಲಿ ಫ್ಲೂಯಿಡ್ 218 ಎಂಬ ಎಲಿಮೆಂಟೂ (ಮಾದರಿಯ ಸಿದ್ಧ ಘಟಕ), ಕಾಮ್ಸಾಲ್ ತಂತ್ರಾಂಶದ ರೋಟರ್‌ಡೈನಾಮಿಕ್ಸ್ ವಿಭಾಗದಲ್ಲಿರುವ ಹೈಡ್ರೋಡೈನಾಮಿಕ್ ಬೇರಿಂಗೂ ಈ ಸಮೀಕರಣವನ್ನೇ ಬಿಡಿಸುತ್ತವೆ. ಎಣ್ಣೆ ಒಳಬರುವ ತೂತು, ತೋಡು, ಅಲ್ಲಿ ಬಿಸಿ ಎಣ್ಣೆಯೊಂದಿಗೆ ತಣ್ಣನೆಯ ಎಣ್ಣೆ ಬೆರೆಯುವ ರೀತಿ, ಇವನ್ನು ಕಣ್ಣಾರೆ ನೋಡಬೇಕಾದಾಗ ಮಾತ್ರ ಸಿಎಫ್‌ಡಿಯ, ಅಂದರೆ ನೀವು ಮಾಡಿದಂಥ ಮೂರು ಆಯಾಮಗಳ ಹರಿವಿನ ಲೆಕ್ಕದ, ಮೊರೆ ಹೋಗಬೇಕು.

ಏನೇ ಮಾಡಿದರೂ ಮೊದಲು ಕೈಲೆಕ್ಕ ಇರಲಿ. ನಿಮ್ಮ ಸರಾಸರಿ ಒತ್ತಡ 1 ಮೆಗಾಪಾಸ್ಕಲ್; ಸ್ನಿಗ್ಧತೆ, ವೇಗ, ಭಾರ, ತೆರಪುಗಳನ್ನು ಒಂದೇ ಅಂಕಿಯಲ್ಲಿ ಹೇಳುವ ಸೊಮರ್‌ಫೆಲ್ಡ್ ಸಂಖ್ಯೆ 0.33. ರೈಮಂಡಿ ಮತ್ತು ಬಾಯ್ಡ್ 1958ರಲ್ಲಿ ಪ್ರಕಟಿಸಿದ ಕೋಷ್ಟಕಗಳನ್ನು ನೋಡಿದರೆ ಶಾಫ್ಟು ತೆರಪಿನ ಸುಮಾರು 60 ಶೇಕಡದಷ್ಟು ಸರಿಯುತ್ತದೆ, ಅಂದರೆ ಅತಿ ತೆಳುವಾದ ಜಾಗದಲ್ಲಿ ಉಳಿಯುವ ಪದರ 30 ಮೈಕ್ರಾನ್. ಒತ್ತಡದ ಶಿಖರ ಸರಾಸರಿಯ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಘರ್ಷಣೆಯಲ್ಲಿ ಕಳೆದುಹೋಗುವ ಶಕ್ತಿ ಸುಮಾರು 475 ವಾಟ್. ಶಾಫ್ಟು ನಟ್ಟನಡುವೆ ತಿರುಗುತ್ತಿದೆಯೆಂದು ಭಾವಿಸುವ ಪೆಟ್ರಾಫ್ ಸೂತ್ರದಿಂದ 390 ವಾಟ್ ಬರುತ್ತದೆ. ನಿಮ್ಮ ಮಾದರಿಯ ಉತ್ತರ ಅದಕ್ಕಿಂತ ಕಡಿಮೆ ಬಂದರೆ ಎಲ್ಲೋ ಎಡವಿದ್ದೀರೆಂದೇ ಅರ್ಥ. ಈ 475 ವಾಟ್ ಪೂರ್ತಿ ಶಾಖವಾಗುತ್ತದೆ. ಬೇರಿಂಗಿನ ಬದಿಗಳಿಂದ ನಿಮಿಷಕ್ಕೆ ಒಂದು ಲೀಟರಿಗಿಂತ ತುಸು ಹೆಚ್ಚು ಸೋರುವ ಎಣ್ಣೆ ಅದನ್ನು ಹೊತ್ತೊಯ್ಯಬೇಕಾದುದರಿಂದ ಎಣ್ಣೆಯ ಉಷ್ಣತೆ ಸುಮಾರು 14 ಡಿಗ್ರಿ ಏರುತ್ತದೆ. 40 ಡಿಗ್ರಿಯಲ್ಲಿ ಒಳಹೋದದ್ದು 54ರಲ್ಲಿ ಹೊರಬಂದರೆ ಸರಾಸರಿ 47. ವಿಜಿ 46 ದರ್ಜೆಯ ಎಣ್ಣೆಗೆ ಆ ಉಷ್ಣತೆಯಲ್ಲಿ ಸ್ನಿಗ್ಧತೆ ಹೆಚ್ಚುಕಡಿಮೆ ನೀವು ಹಾಕಿದ 0.03 ಪಾಸ್ಕಲ್-ಸೆಕೆಂಡೇ ಆಗುತ್ತದೆ. ತಿಳಿದು ಹಾಕಿದ್ದೀರೋ ಅದೃಷ್ಟವೋ ಕಾಣೆ. ಡಬ್ಬಿಯ ಮೇಲೆ 40 ಡಿಗ್ರಿಗೆ ಕೊಟ್ಟಿರುವ ಬೆಲೆಯನ್ನೇ ಹಾಕಿದ್ದರೆ ಸ್ನಿಗ್ಧತೆ ಮೂರನೆಯ ಒಂದು ಪಾಲು ಹೆಚ್ಚಾಗಿಬಿಡುತ್ತಿತ್ತು.

ಪ್ರಶ್ನೆ: ನಮ್ಮ ಘಟಕದ ಬ್ಲೋವರ್ 2,980 ಸುತ್ತಿನಲ್ಲಿ ಓಡುತ್ತದೆ, ಎರಡೂ ಕಡೆ ವೈಟ್ ಮೆಟಲ್ (ಮೆದುಲೋಹದ ಒಳಪದರದ) ಜರ್ನಲ್ ಬೇರಿಂಗು. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಚಾಲೂ ಮಾಡಿದರೆ ಮೊದಲ ಒಂದೂವರೆ ಗಂಟೆ ಕೆಟ್ಟದಾಗಿ ನಡುಗಿ, ಆಮೇಲೆ ತಾನಾಗಿ ಶಾಂತವಾಗುತ್ತದೆ. ಕಂಪನದ ಆವರ್ತನ ನಿಮಿಷಕ್ಕೆ 1,400. ರೋಟರಿನ (ತಿರುಗುವ ಭಾಗದ) ಮಾದರಿ ಮಾಡಿಕೊಟ್ಟ ಸಲಹೆಗಾರರು ಬೇರಿಂಗುಗಳ ಜಾಗದಲ್ಲಿ ನೆಟ್ಟಗೊಂದು, ಅಡ್ಡಕ್ಕೊಂದು ಸ್ಪ್ರಿಂಗು ಹಾಕಿ, ಮೊದಲ ಕ್ರಿಟಿಕಲ್ ವೇಗ, ಅಂದರೆ ಕಂಪನ ತಾರಕಕ್ಕೇರುವ ವೇಗ, 4,100 ಸುತ್ತಿನಲ್ಲಿದೆ, ಆದ್ದರಿಂದ ಭಯವಿಲ್ಲವೆಂದು ವರದಿ ಕೊಟ್ಟು ಹೋದರು. ಭಯವಿಲ್ಲವೆಂದು ವರದಿಯಲ್ಲಿದೆ, ನೆಲ ಮಾತ್ರ ನಡುಗುತ್ತಿದೆ.
– ಓದುಗರು, ಭದ್ರಾವತಿ

ಉತ್ತರ: ವರದಿಯ 4,100 ಸರಿಯೇ ಇರಬಹುದು. ಆದರೆ ನಿಮ್ಮ ಬ್ಲೋವರಿನ ಕಾಯಿಲೆ ಬೇರೆ. ಬರೀ ಸ್ಪ್ರಿಂಗುಗಳ ಮಾದರಿಯನ್ನು ಎಷ್ಟು ಸಲ ಓಡಿಸಿದರೂ ಅದು ಕಾಣಿಸಿಕೊಳ್ಳುವುದಿಲ್ಲ.

ಸ್ಪ್ರಿಂಗನ್ನು ಕೆಳಕ್ಕೆ ಒತ್ತಿದರೆ ಅದು ನೇರವಾಗಿ ಮೇಲಕ್ಕೆ ತಳ್ಳುತ್ತದೆ. ಎಣ್ಣೆಯ ಪದರದ ಮೇಲಿರುವ ಶಾಫ್ಟನ್ನು ಕೆಳಕ್ಕೆ ಒತ್ತಿದರೆ ಅದು ಮೇಲಕ್ಕೂ ತಳ್ಳುತ್ತದೆ, ಪಕ್ಕಕ್ಕೂ ತಳ್ಳುತ್ತದೆ. ಹಿಂದಿನ ಉತ್ತರದಲ್ಲಿ ಶಾಫ್ಟು ಭಾರದ ದಿಕ್ಕಿಗೆ ಓರೆಯಾಗಿ ನಿಂತದ್ದು ಇದೇ ಕಾರಣದಿಂದ. ಈ ಪಕ್ಕದ ತಳ್ಳು ಶಾಫ್ಟು ತಿರುಗುವ ದಿಕ್ಕಿನಲ್ಲೇ ಇರುವುದರಿಂದ, ಶಾಫ್ಟಿನ ಕೇಂದ್ರವು ತೆರಪಿನೊಳಗೆ ಸಣ್ಣ ಸುತ್ತು ಹಾಕತೊಡಗಿದರೆ ಪ್ರತಿ ಸುತ್ತಿನಲ್ಲೂ ಅದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ. ಎಣ್ಣೆಯ ಡ್ಯಾಂಪಿಂಗ್ (ಕಂಪನವನ್ನು ತಗ್ಗಿಸುವ ಗುಣ) ಆ ಶಕ್ತಿಯನ್ನು ನುಂಗಿಹಾಕಬೇಕು. ನುಂಗಲಾರದಷ್ಟಾದಾಗ ಶಾಫ್ಟು ನಿಲ್ಲದೆ ಸುತ್ತತೊಡಗುತ್ತದೆ. ಇದಕ್ಕೆ ಆಯಿಲ್ ವರ್ಲ್ ಎಂದು ಹೆಸರು. ಪದರದ ಒಂದು ಮುಖ ಶಾಫ್ಟಿನ ವೇಗದಲ್ಲಿ ಓಡುತ್ತದೆ, ಇನ್ನೊಂದು ಮುಖ ಬೇರಿಂಗಿಗೆ ಅಂಟಿ ನಿಂತಿರುತ್ತದೆ. ಆದ್ದರಿಂದ ಎಣ್ಣೆಯ ಸರಾಸರಿ ವೇಗ ಶಾಫ್ಟಿನ ಅರ್ಧ. ಈ ಸುತ್ತಾಟವೂ ಅರ್ಧಕ್ಕಿಂತ ತುಸು ಕಡಿಮೆ, ಸಾಮಾನ್ಯವಾಗಿ ಶಾಫ್ಟಿನ ವೇಗದ 0.42ರಿಂದ 0.48ರ ನಡುವೆ ಇರುತ್ತದೆ. ನಿಮ್ಮ 1,400ನ್ನು 2,980ರಿಂದ ಭಾಗಿಸಿ ನೋಡಿ: 0.47. ಕರಾರುವಾಕ್ಕಾಗಿ ಅರ್ಧವೇ ಬಂದಿದ್ದರೆ ಎಲ್ಲೋ ಬೋಲ್ಟು ಸಡಿಲವಾಗಿದೆಯೋ, ಶಾಫ್ಟು ಯಾವುದಕ್ಕಾದರೂ ಉಜ್ಜುತ್ತಿದೆಯೋ ಎಂದು ಮೊದಲು ಹುಡುಕಲು ಹೇಳುತ್ತಿದ್ದೆ.

ಚಳಿಗೂ ಇದಕ್ಕೂ ಇರುವ ನಂಟು ನೇರವಾದದ್ದು. ವಿಜಿ 46 ಎಣ್ಣೆ 20 ಡಿಗ್ರಿಯಲ್ಲಿ 40 ಡಿಗ್ರಿಯ ಸುಮಾರು ಮೂರು ಪಟ್ಟು ಮಂದವಾಗಿರುತ್ತದೆ. ಮಂದವಾದ ಎಣ್ಣೆ ಅದೇ ಭಾರವನ್ನು ಇನ್ನಷ್ಟು ಸುಲಭವಾಗಿ ಎತ್ತಿ ಶಾಫ್ಟನ್ನು ಬೇರಿಂಗಿನ ನಡುವಿಗೆ ತೇಲಿಸುತ್ತದೆ. ಕೇಳುವುದಕ್ಕೆ ಇದು ಒಳ್ಳೆಯದೆನಿಸುತ್ತದೆ, ಆದರೆ ನಡುವಿಗೆ ಹತ್ತಿರವಾದಂತೆ ನೇರ ತಳ್ಳು ಕುಗ್ಗಿ, ಪಕ್ಕದ ತಳ್ಳು ಹಾಗೆಯೇ ಉಳಿಯುತ್ತದೆ. ಭಾರ ಹೆಚ್ಚಿದ್ದರೆ ಬೇರಿಂಗು ಕೆಡುತ್ತದೆ ಎಂದು ನಾವೆಲ್ಲ ನಂಬಿರುತ್ತೇವೆ. ಇಲ್ಲಿ ಭಾರ ಸಾಲದೆ ಕೆಡುತ್ತಿದೆ.

ಆದ್ದರಿಂದ ಸಾಫ್ಟ್‌ವೇರಿಗೆ ಮೊದಲು ಹೀಟರ್. ಒಂದು ದಿನ ಬೆಳಿಗ್ಗೆ ಟ್ಯಾಂಕಿನ ಎಣ್ಣೆಯನ್ನು 40 ಡಿಗ್ರಿಗೆ ಬಿಸಿ ಮಾಡಿ, ಆಮೇಲೆ ಚಾಲೂ ಮಾಡಿ. ನಡುಕ ಬರದಿದ್ದರೆ ರೋಗ ಖಚಿತವಾದಂತೆ. ಜೊತೆಗೆ ಅಲೈನ್‌ಮೆಂಟನ್ನೂ ನೋಡಿಸಿ, ಏಕೆಂದರೆ ಒಂದು ಬೇರಿಂಗಿನ ಬ್ಲಾಕು ಕೂದಲೆಳೆಯಷ್ಟು ತಗ್ಗಾಗಿದ್ದರೂ ಅದರ ಪಾಲಿನ ಭಾರ ಇನ್ನೊಂದರ ಮೇಲೆ ಬಿದ್ದು, ಹಗುರವಾದದ್ದು ಹೀಗೆ ಸುತ್ತಲಾರಂಭಿಸುತ್ತದೆ.

ಮಾದರಿಯನ್ನು ಮತ್ತೆ ಮಾಡಿಸುವುದಾದರೆ, ಪ್ರತಿ ಬೇರಿಂಗಿಗೆ ಎರಡು ಸ್ಪ್ರಿಂಗುಗಳ ಬದಲು ಎಂಟು ಗುಣಾಂಕಗಳು ಬೇಕೆಂದು ಹೇಳಿ: ಸ್ಟಿಫ್‌ನೆಸ್‌ಗೆ (ಬಿಗಿತಕ್ಕೆ) ನಾಲ್ಕು, ಡ್ಯಾಂಪಿಂಗಿಗೆ ನಾಲ್ಕು. ಶಾಫ್ಟನ್ನು ಅದರ ಸಮತೋಲನದ ಜಾಗದಿಂದ ತೆರಪಿನ ನೂರರಲ್ಲಿ ಒಂದು ಪಾಲಿನಷ್ಟು ಸರಿಸಿ, ಡ್ಯಾಂಪಿಂಗಿಗಾದರೆ ಅದಕ್ಕೆ ಸಣ್ಣದೊಂದು ವೇಗ ಕೊಟ್ಟು, ಒತ್ತಡದ ಲೆಕ್ಕವನ್ನು ಮತ್ತೆ ಬಿಡಿಸಿ, ಬಲ ಎಷ್ಟು ಬದಲಾಯಿತೆಂದು ನೋಡಿ ಇವನ್ನು ಪಡೆಯುತ್ತಾರೆ. ಎಣ್ಣೆಯ ಉಷ್ಣತೆಗೂ ವೇಗಕ್ಕೂ ಇವು ಬದಲಾಗುವುದರಿಂದ ಒಂದೇ ಬೆಲೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ; ಆನ್ಸಿಸ್‌ನ ಕಾಂಬಿ 214 ಎಲಿಮೆಂಟಿನಲ್ಲಿ ಇವನ್ನು ವೇಗಕ್ಕೆ ತಕ್ಕ ಕೋಷ್ಟಕವಾಗಿಯೇ ಕೊಡಬಹುದು. ನಾನು ಹಲವು ಕಡೆ ಕಂಡ ತಪ್ಪೆಂದರೆ, ಪಕ್ಕದ ತಳ್ಳನ್ನು ಹೇಳುವ ಎರಡು ಅಡ್ಡ ಗುಣಾಂಕಗಳನ್ನೂ ಸಮವೆಂದು ಹಾಕಿಬಿಡುವುದು. ವರ್ಲ್ ಹುಟ್ಟುವುದೇ ಅವುಗಳ ಚಿಹ್ನೆ ಒಂದಕ್ಕೊಂದು ವಿರುದ್ಧವಾದಾಗ. ಅವನ್ನು ಸಮ ಮಾಡಿದರೆ ಕಾಯಿಲೆಯನ್ನೇ ಅಳಿಸಿದಂತೆ. ಇನ್ನೊಂದು ತಪ್ಪು, ಮಾದರಿಯಲ್ಲಿ ಶಾಫ್ಟು ತಿರುಗುವ ದಿಕ್ಕಿಗೂ ಗುಣಾಂಕ ತೆಗೆದಾಗಿನ ದಿಕ್ಕಿಗೂ ತಾಳೆ ನೋಡದಿರುವುದು. ದಿಕ್ಕು ಬದಲಾದರೆ ಅಡ್ಡ ಗುಣಾಂಕಗಳ ಚಿಹ್ನೆಯೂ ಬದಲಾಗುತ್ತದೆ. ಆಮೇಲೆ ಡ್ಯಾಂಪಿಂಗ್ ಸೇರಿಸಿದ ಐಗನ್‌ಮೌಲ್ಯಗಳನ್ನು (ಪ್ರತಿ ಕಂಪನದ ಆವರ್ತನವನ್ನೂ ಅದು ಬೆಳೆಯುವುದೋ ಅಡಗುವುದೋ ಎಂಬುದನ್ನೂ ಹೇಳುವ ಅಂಕಿಗಳನ್ನು) ತೆಗೆದು, ಯಾವುದಾದರೂ ಒಂದರ ವಾಸ್ತವ ಭಾಗ ಧನವಾಗಿದೆಯೇ ಎಂದು ನೋಡಬೇಕು. ಧನವಾಗಿದ್ದರೆ ಆ ಕಂಪನ ತಾನಾಗಿ ಬೆಳೆಯುತ್ತದೆ.

ಬೇರಿಂಗನ್ನೇ ಬದಲಿಸಬೇಕಾಗಿ ಬಂದರೆ ಉದ್ದವನ್ನು ಸ್ವಲ್ಪ ಕಡಿಮೆ ಮಾಡುವುದು ಅಗ್ಗದ ದಾರಿ, ಮೇಲೆ ಕೆಳಗೆ ತೆರಪು ಕಡಿಮೆಯಿದ್ದು ಪಕ್ಕಗಳಲ್ಲಿ ಹೆಚ್ಚಿರುವ ನಿಂಬೆಯಾಕಾರದ ಬುಶ್ ನಡುವಿನ ದಾರಿ, ವಾಲುವ ಪ್ಯಾಡುಗಳ ಬೇರಿಂಗು ದುಬಾರಿಯಾದ ದಾರಿ.

ಪ್ರಶ್ನೆ: ಶರಾವತಿ ವಿದ್ಯುದಾಗಾರದಲ್ಲಿ ತಲಾ 103.5 ಮೆಗಾವಾಟಿನ 10 ಯಂತ್ರಗಳಿವೆಯೆಂದು ಓದಿದ್ದೇನೆ. ಜಲವಿದ್ಯುತ್ ಕೇಂದ್ರಗಳಲ್ಲಿ ನೆಟ್ಟಗೆ ನಿಲ್ಲಿಸಿದ ಅಂಥ ದೊಡ್ಡ ಯಂತ್ರಗಳು ನೂರಾರು ಟನ್ ತೂಗುತ್ತವಂತೆ. ಅಷ್ಟು ತೂಕವನ್ನು ಎಣ್ಣೆ ಹೊರುತ್ತದೆ ಎಂದರೆ ಈ ವಯಸ್ಸಿನಲ್ಲಿ ನನ್ನನ್ನು ನಂಬಿಸುವುದು ಕಷ್ಟ.
– ನಿವೃತ್ತ ಉಪಾಧ್ಯಾಯರು, ತೀರ್ಥಹಳ್ಳಿ

ಉತ್ತರ: ಗುರುಗಳೇ, ಇದನ್ನು ಮೊದಲು ಕಂಡವನಿಗೂ ನಂಬಲು ಕಷ್ಟವಾಗಿತ್ತು. ಇಂಗ್ಲೆಂಡಿನ ಬೋಷಾಂಪ್ ಟವರ್ 1883ರ ಸುಮಾರಿಗೆ ರೈಲಿನ ಅಚ್ಚಿನ ಬೇರಿಂಗುಗಳ ಘರ್ಷಣೆಯನ್ನು ಅಳೆಯುತ್ತಿದ್ದ. ಅಚ್ಚಿನ ಮೇಲೆ ಟೊಪ್ಪಿಗೆಯಂತೆ ಕೂತ ಬೇರಿಂಗಿಗೆ, ಎಣ್ಣೆ ಹಾಕಲೆಂದು ನಡುನೆತ್ತಿಯಲ್ಲಿ ಒಂದು ತೂತು ಕೊರೆದ. ಯಂತ್ರ ತಿರುಗಿದಾಗ ಎಣ್ಣೆ ಒಳಗೆ ಇಳಿಯುವ ಬದಲು ತೂತಿನಿಂದ ಮೇಲಕ್ಕೆ ಉಕ್ಕಿತು. ಮರದ ಬಿರಡೆ ಬಡಿದರೆ ಅದನ್ನೂ ಎಣ್ಣೆ ನಿಧಾನವಾಗಿ ಹೊರದೂಡಿತು. ಒತ್ತಡಮಾಪಕ ಜೋಡಿಸಿ ನೋಡಿದಾಗ ಭಾರದ ಲೆಕ್ಕಕ್ಕೆ ಬರುವ ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚು ಒತ್ತಡ ಕಂಡಿತು. ಈ ಬಿರಡೆಯ ಸುದ್ದಿಯನ್ನು ಓದಿಯೇ ರೆನಾಲ್ಡ್ಸ್ ತನ್ನ ಸಮೀಕರಣಕ್ಕೆ ಕೈಹಾಕಿದ್ದು.

ಲಂಬ ಯಂತ್ರಗಳಲ್ಲಿ ತೂಕವನ್ನು ಹೊರುವುದು ತ್ರಸ್ಟ್ ಬೇರಿಂಗು. ಶಾಫ್ಟಿಗೆ ಬಿಗಿದ ದೊಡ್ಡ ತಟ್ಟೆಯೊಂದು, ವೃತ್ತಾಕಾರದಲ್ಲಿ ಜೋಡಿಸಿದ ಪ್ಯಾಡುಗಳ ಮೇಲೆ ಎಣ್ಣೆಯಲ್ಲಿ ತಿರುಗುತ್ತದೆ; ಪ್ರತಿ ಪ್ಯಾಡೂ ತನಗೆ ಬೇಕಾದಷ್ಟು ತಾನೇ ವಾಲಿ ಬೆಣೆಯನ್ನು ಮಾಡಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಮಿಚೆಲ್, ಅಮೆರಿಕದ ಕಿಂಗ್ಸ್‌ಬರಿ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದೆ ಕಂಡುಕೊಂಡ ಉಪಾಯವಿದು. ಮಾದರಿ ಮಾಡುವವನಿಗೆ ಇಲ್ಲಿ ಪ್ಯಾಡು ಎಷ್ಟು ವಾಲುತ್ತದೆ ಎಂಬುದೂ ಮೊದಲೇ ತಿಳಿದಿರುವುದಿಲ್ಲ, ಒತ್ತಡದೊಂದಿಗೆ ಅದನ್ನೂ ಬಿಡಿಸಬೇಕು. ಪ್ಯಾಡಿನ ಮೇಲ್ಭಾಗ ಬಿಸಿಯಾಗಿ, ಕೆಳಭಾಗ ತಣ್ಣಗಿದ್ದು ಅದು ಹಪ್ಪಳದಂತೆ ಉಬ್ಬುವುದನ್ನೂ ಸೇರಿಸಬೇಕು, ಏಕೆಂದರೆ ಆ ಉಬ್ಬು ಪದರದ ದಪ್ಪಕ್ಕೇ ಸರಿಸಮವಾಗಿ ನಿಲ್ಲಬಲ್ಲದು. ಇನ್ನು ಶಾಫ್ಟು ಅಕ್ಕಪಕ್ಕಕ್ಕೆ ಓಲಾಡದಂತೆ ಹಿಡಿಯುವ ಗೈಡ್ ಬೇರಿಂಗುಗಳ ಮೇಲೆ ತೂಕವೇ ಇಲ್ಲ. ಭದ್ರಾವತಿಯ ಬ್ಲೋವರಿನ ಕಾಯಿಲೆ ಇವುಗಳಿಗೆ ಹುಟ್ಟಿನಿಂದಲೇ ಬರಬೇಕಿತ್ತು; ಅದನ್ನು ತಪ್ಪಿಸಲೆಂದು ಅಲ್ಲಿಯೂ ಪ್ಯಾಡುಗಳನ್ನೇ ಬಳಸುತ್ತಾರೆ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಮಿಲ್ಲಿನ ಬೇರಿಂಗ್ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಇದನ್ನು ಸಾಫ್ಟ್‌ವೇರಿನಲ್ಲಿ ಹೇಗೆ ತೋರಿಸಬೇಕು?
– ಓದುಗರು, ಹೊಸನಗರ

ಉತ್ತರ: ತೋರಿಸಬೇಡಿ. ಎಣ್ಣೆಗೆ ನೀರು ಸೇರಿದೆ. ಕೂಲರ್ ಸೋರುತ್ತಿದೆಯೇ, ಸೀಲು ಹೋಗಿದೆಯೇ, ಟ್ಯಾಂಕಿನ ಉಸಿರುಕೊಳವೆಯಿಂದ ತೇವ ಇಳಿಯುತ್ತಿದೆಯೇ ನೋಡಿಸಿ. ಗಾಜಿನ ಬಾಟಲಿಯಲ್ಲಿ ಸ್ವಲ್ಪ ಎಣ್ಣೆ ತೆಗೆದು ರಾತ್ರಿಯಿಡೀ ಕದಲಿಸದೆ ಇಡಿ. ಬೆಳಗಾಗುವಷ್ಟರಲ್ಲಿ ನೀರು ತಳಕ್ಕೆ ಇಳಿಯದಿದ್ದರೆ ಎಣ್ಣೆ ಬದಲಿಸುವ ಕಾಲ ಬಂದಿದೆ.

ಪ್ರಶ್ನೆ: ನಾನು ಡಿಪ್ಲೊಮಾ ವಿದ್ಯಾರ್ಥಿ. ದೊಡ್ಡ ಸಾಫ್ಟ್‌ವೇರುಗಳ ಲೈಸೆನ್ಸು ನಮ್ಮ ಕೈಗೆಟುಕುವುದಿಲ್ಲ. ಸ್ವಂತವಾಗಿ ಏನಾದರೂ ಮಾಡಬಹುದೇ?
– ಓದುಗರು, ಸಾಗರ

ಉತ್ತರ: ಮಾಡಬಹುದು, ಮಾಡಲೇಬೇಕು. ಲೈಸೆನ್ಸು ಇರುವವರೂ ಒಮ್ಮೆಯಾದರೂ ಇದನ್ನು ತಾವೇ ಬರೆದು ನೋಡಿರಬೇಕೆಂಬುದು ನನ್ನ ಅಭಿಪ್ರಾಯ. ಪೈಥಾನ್ ಅಥವಾ ಆಕ್ಟೇವ್ ಸಾಕು, ಎರಡೂ ಉಚಿತ. ಬೇರಿಂಗಿನ ಒಳಮೈಯನ್ನು ಚಾಪೆಯಂತೆ ಬಿಚ್ಚಿ ಹಾಸಿದಿರೆಂದು ಭಾವಿಸಿ, ಸುತ್ತಳತೆಯನ್ನು ಐದೈದು ಡಿಗ್ರಿಯ 72 ಭಾಗಗಳಾಗಿಯೂ ಉದ್ದವನ್ನು 20 ಭಾಗಗಳಾಗಿಯೂ ಮಾಡಿ. ಪ್ರತಿ ಬಿಂದುವಿನ ತೆರಪು ಕೋನದಿಂದ ನೇರವಾಗಿ ಸಿಗುತ್ತದೆ: ಸರಾಸರಿ ತೆರಪನ್ನು, ಒಂದಕ್ಕೆ ಕೇಂದ್ರಚ್ಯುತಿಯ ಅನುಪಾತ (ಶಾಫ್ಟು ನಡುವಿನಿಂದ ಸರಿದದ್ದು ತೆರಪಿನ ಎಷ್ಟು ಪಾಲು ಎಂಬುದು) ಮತ್ತು ಕೊಸೈನಿನ ಗುಣಲಬ್ಧವನ್ನು ಕೂಡಿಸಿದ ಮೊತ್ತದಿಂದ ಗುಣಿಸಿದರಾಯಿತು. ಎರಡು ಬದಿಗಳಲ್ಲಿ ಒತ್ತಡ ಸೊನ್ನೆ. ಒಳಗಿನ ಪ್ರತಿ ಬಿಂದುವಿನ ಒತ್ತಡವೆಂದರೆ ನಾಲ್ಕು ನೆರೆಯ ಬಿಂದುಗಳ ಒತ್ತಡದ ಸರಾಸರಿ, ಅದಕ್ಕೆ ಬೆಣೆಯಿಂದ ಬರುವ ಒಂದು ಪದ. ಆ ಸರಾಸರಿ ತೆಗೆಯುವಾಗ ಪ್ರತಿ ನೆರೆಗೂ ಅಲ್ಲಿನ ತೆರಪಿನ ಘನಕ್ಕೆ ತಕ್ಕ ತೂಕ ಕೊಡಬೇಕು. ತೆರಪು ಅರ್ಧವಾದರೆ ಎಣ್ಣೆ ಹರಿಯುವುದು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ ಎಂಬುದೇ ಇದರ ಅರ್ಥ. ಒತ್ತಡಗಳು ಬದಲಾಗುವುದು ನಿಲ್ಲುವವರೆಗೆ ಇಡೀ ಚಾಪೆಯನ್ನು ಮತ್ತೆ ಮತ್ತೆ ಸುತ್ತಿ ಬನ್ನಿ.

ಋಣ ಒತ್ತಡದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಎಲ್ಲ ಮುಗಿದ ಮೇಲೆ ಋಣವನ್ನು ಸೊನ್ನೆ ಮಾಡುವುದು ಬೇರೆ, ಪ್ರತಿ ಸುತ್ತಿನಲ್ಲೂ, ಬಿಂದುವಿನ ಬೆಲೆ ಬಂದ ಕೂಡಲೇ, ಅದು ಋಣವಾಗಿದ್ದರೆ ಸೊನ್ನೆ ಮಾಡಿ ಮುಂದೆ ಹೋಗುವುದು ಬೇರೆ. ಎರಡನೆಯದನ್ನು ಮಾಡಿದರೆ ಪದರ ಎಲ್ಲಿ ತುಂಡಾಗಬೇಕೆಂಬುದನ್ನು ಲೆಕ್ಕವೇ ಹುಡುಕಿಕೊಳ್ಳುತ್ತದೆ, ರೆನಾಲ್ಡ್ಸ್ ನಿಬಂಧನೆ ತಾನಾಗಿ ಪಾಲನೆಯಾಗುತ್ತದೆ. ಕ್ರಿಸ್ಟೋಫರ್ಸನ್ 1941ರಲ್ಲಿ ತೋರಿಸಿಕೊಟ್ಟ ಈ ಉಪಾಯಕ್ಕೆ ಪ್ರೋಗ್ರಾಮಿನಲ್ಲಿ ಬೇಕಾದದ್ದು ಒಂದೇ ಸಾಲು.

ತಾಳೆ ನೋಡಲು ಒಂದು ಗುರುತು ಕೊಡುತ್ತೇನೆ. ಉದ್ದವು ವ್ಯಾಸದ ಅರ್ಧವಿದ್ದು, ಕೇಂದ್ರಚ್ಯುತಿಯ ಅನುಪಾತ 0.6 ಇದ್ದಾಗ, ಸೊಮರ್‌ಫೆಲ್ಡ್ ಸಂಖ್ಯೆ 0.319, ಕೋನ ಸುಮಾರು 48 ಡಿಗ್ರಿ ಬರಬೇಕು. ಬಿಂದುಗಳನ್ನು ಇಮ್ಮಡಿಸಿ ಮತ್ತೊಮ್ಮೆ ಓಡಿಸಿ, ಉತ್ತರ ಅಲುಗದಿದ್ದರೆ ಮುಂದುವರಿಯಬಹುದು. ಶಾಫ್ಟಿನ ಕಂಪನದವರೆಗೂ ಹೋಗಬೇಕೆನಿಸಿದರೆ ಪೈಥಾನಿನಲ್ಲೇ ರಾಸ್ ಎಂಬ ಮುಕ್ತ ತಂತ್ರಾಂಶವಿದೆ, ನಿಮ್ಮ ಎಂಟು ಗುಣಾಂಕಗಳನ್ನು ಅದಕ್ಕೆ ಕೊಡಬಹುದು.

ಪ್ರಶ್ನೆ: ನಮ್ಮ ತಂದೆ ಹರಳೆಣ್ಣೆಗೆ ಹುಲ್ಲಿನ ಮಸಿ ಕಲೆಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಎತ್ತಿನಗಾಡಿಗೆ ಕಟ್ಟಿಕೊಳ್ಳುತ್ತಿದ್ದರು, ಆ ಕೀಲೆಣ್ಣೆ ಮುಗಿದರೆ ಗಾಡಿ ಒಂದು ಮೈಲಿಯಿಂದಲೇ ಕಿರುಗುಟ್ಟುವುದು ಕೇಳಿಸುತ್ತಿತ್ತು. ಅಚ್ಚು ಮತ್ತು ಚಕ್ರದ ನಡುಭಾಗವಾದ ಗುಂಬದ ನಡುವೆಯೂ ಇಂಥದ್ದೇ ಎಣ್ಣೆಯ ಪದರ ಇರುತ್ತಿತ್ತೇ? ಅದನ್ನೂ ಈ ಸಾಫ್ಟ್‌ವೇರಿನಲ್ಲಿ ಲೆಕ್ಕ ಹಾಕಬಹುದೇ?
– ಓದುಗರು, ಸೊರಬ

ಉತ್ತರ: ಲೆಕ್ಕ ಹಾಕಿಯೇ ನೋಡೋಣ. ಒಂದು ಟನ್ ಹೇರಿದ ಗಾಡಿಯಲ್ಲಿ ಒಂದು ಚಕ್ರದ ಪಾಲಿಗೆ ಬರುವುದು ಸುಮಾರು 5,000 ನ್ಯೂಟನ್, ಶಿವಮೊಗ್ಗದ ವಿದ್ಯಾರ್ಥಿನಿಯ ಬೇರಿಂಗಿನ ಭಾರವೂ ಅಷ್ಟೇ. ಐದಡಿ ಎತ್ತರದ ಚಕ್ರ ಎತ್ತಿನ ನಡಿಗೆಗೆ ನಿಮಿಷಕ್ಕೆ 14 ಸುತ್ತು ಹಾಕುತ್ತದೆ. ಅಚ್ಚು 40 ಮಿ.ಮೀ. ಎಂದು ಇಟ್ಟುಕೊಂಡರೆ ಅದರ ಮೇಲೆ ಗುಂಬ ಜಾರುವ ವೇಗ ಸೆಕೆಂಡಿಗೆ 3 ಸೆಂ.ಮೀ.; ಆಕೆಯ ಶಾಫ್ಟಿನ ವೇಗ ಇದರ ಇನ್ನೂರೈವತ್ತು ಪಟ್ಟಿಗೂ ಹೆಚ್ಚು. ಹರಳೆಣ್ಣೆ ಯಂತ್ರದ ಎಣ್ಣೆಗಿಂತ ಇಪ್ಪತ್ತು ಪಟ್ಟು ಮಂದವಿರುವುದು ಒಂದಿಷ್ಟು ನೆರವಾಗುತ್ತದೆ, ಆದರೆ ಸವೆದ ಗುಂಬದ ತೆರಪು ಮೈಕ್ರಾನುಗಳಲ್ಲಿ ಇರುವುದಿಲ್ಲ. ಅರ್ಧ ಮಿಲಿಮೀಟರ್ ಎಂದರೂ ಸೊಮರ್‌ಫೆಲ್ಡ್ ಸಂಖ್ಯೆ ಆಕೆಯದರ ಸಾವಿರದ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. ಸಾಫ್ಟ್‌ವೇರು ಆಗಲೂ ಒಂದು ಪದರದ ದಪ್ಪವನ್ನು ಹೇಳುತ್ತದೆ. ಆದರೆ ಕಬ್ಬಿಣದ ಒರಟು ಏಣುಗಳು ಆ ದಪ್ಪಕ್ಕಿಂತ ಎತ್ತರವಾಗಿರುವುದರಿಂದ ಅಲ್ಲಿ ಲೋಹಕ್ಕೆ ಲೋಹ ತಾಗುತ್ತಿರುತ್ತದೆ, ರೆನಾಲ್ಡ್ಸ್ ಸಮೀಕರಣಕ್ಕೆ ಅಲ್ಲಿ ಕೆಲಸವಿಲ್ಲ. ಭಾರವನ್ನು ಹೊರುತ್ತಿದ್ದುದು ಅಚ್ಚೇ. ಮೈಗೆ ಅಂಟಿದ ಹರಳೆಣ್ಣೆಯ ಲೇಪ ಸವೆತವನ್ನು ತಡೆಯುತ್ತಿತ್ತು, ಮಸಿ ಆ ಎಣ್ಣೆಯನ್ನು ಸೋರಗೊಡದೆ ಹಿಡಿದಿಡುತ್ತಿತ್ತು. ಲೇಪ ಒಣಗಿದಾಗ ಗುಂಬ ಅಚ್ಚಿಗೆ ಕಚ್ಚಿ, ಬಿಟ್ಟು, ಮತ್ತೆ ಕಚ್ಚಿ ಸೆಕೆಂಡಿಗೆ ನೂರಾರು ಸಲ ಅದುರುತ್ತದೆ. ನಿಮ್ಮ ಊರಿನವರು ಮೈಲಿ ದೂರದಿಂದ ಕೇಳುತ್ತಿದ್ದುದು ಆ ಅದುರನ್ನು.